ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ‘ಟ್ರಯಲ್‌ಗೆ ಸೇರ್ತೀರಾ?’ ಎಂದು ಕೇಳಿದರೆ

“ಅಮ್ಮನನ್ನು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹನ್ನೆರಡು ಪುಟದ ಕಾಗದ ಕೊಟ್ಟರು. ಒಂದು ಟ್ರಯಲ್ ಇದೆ, ಸೇರ್ತೀರಾ ಅಂದರು. ಸಹಿ ಮಾಡಬಹುದಾ?”

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಎರಡು ಭಯ ಇರುತ್ತವೆ. ‘ನಮ್ಮ ಮೇಲೆ ಪ್ರಯೋಗ ಮಾಡಿಬಿಡ್ತಾರಾ?’ ಎನ್ನುವುದು ಒಂದು. ‘ಬೇಡ ಅಂದರೆ ಡಾಕ್ಟರು ಬೇಜಾರಾಗಿ ಸರಿಯಾಗಿ ನೋಡದೆ ಹೋದರೆ?’ ಎನ್ನುವುದು ಇನ್ನೊಂದು. ಎರಡನೆಯ ಭಯವನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅರ್ಧಕ್ಕರ್ಧ ಸಹಿಗಳು ಅದರಿಂದಲೇ ಬೀಳುತ್ತವೆ ಎಂದು ನನಗೆ ಅನಿಸಿದೆ.

ನಾನು ಕೆಲವು ವರ್ಷಗಳಿಂದ ಒಂದು ಮೆಡಿಕಲ್ ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಟ್ರಯಲ್‌ಗೆ ಸೇರುವವರಿಗೆ ಅನ್ಯಾಯ ಆಗದಂತೆ ನೋಡಿ ಒಪ್ಪಿಗೆ ಕೊಡುವ ಸಮಿತಿಯಲ್ಲಿ, ಇದ್ದೇನೆ. ಡಾಕ್ಟರ್ ಅಲ್ಲ, ವೈದ್ಯಕೀಯ ಓದದ ಸಾಮಾನ್ಯ ಸದಸ್ಯೆ. ಪೇಷೆಂಟ್ ಕೈಗೆ ಹೋಗುವ ಕನ್ನಡ ಕಾಗದವನ್ನು ಪೇಷೆಂಟ್ ಥರಾನೇ ಓದಿ, ಅರ್ಥವಾಗದ್ದನ್ನು ಕೇಳುವುದು ನನ್ನ ಕೆಲಸ. ಸೇರಿ ಅಂತಲೋ ಬೇಡ ಅಂತಲೋ ನಾನು ಹೇಳುವುದಿಲ್ಲ. ಸಹಿಗೆ ಮೊದಲು ಏನು ನೋಡಬೇಕು, ಆಮೇಲೆ ಏನಾಗುತ್ತದೆ, ನಿಮ್ಮ ಹಕ್ಕು ಏನು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಟ್ರಯಲ್ ಅಂದರೆ ಏನು?

ಒಂದು ಚಿಕಿತ್ಸೆ ಕೆಲಸ ಮಾಡುತ್ತದಾ ಎಂದು ಜನರಿಗೆ ಕೊಟ್ಟು ಪರೀಕ್ಷೆ ಮಾಡುವುದೇ ಟ್ರಯಲ್. ಬೆಳಗಾವಿಯ ಒಂದು ಟ್ರಯಲ್ ಇಟ್ಟುಕೊಂಡು ಹೇಳಿದರೆ ಸುಲಭ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಬಾಣಂತಿಯರು ಸಾಯುತ್ತಿದ್ದರು. ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇತ್ತು. ಆದರೆ ಅದನ್ನು ತಂಪಾಗಿ ಇಡಬೇಕು, ಚುಚ್ಚಲು ಕಲಿತ ಕೈ ಬೇಕು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ನುಂಗಿದರೆ ಆಯಿತು. ಹಳ್ಳಿಯಲ್ಲಿ ಎಎನ್‌ಎಂ ಸಿಸ್ಟರ್ ಮಾಡಿಸುವ ಹೆರಿಗೆಯಲ್ಲಿ ಈ ಮಾತ್ರೆ ಜೀವ ಉಳಿಸೀತಾ? ಆಗ ಖಚಿತ ಉತ್ತರ ಇರಲಿಲ್ಲ.

2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ತಂಡ, ಅಮೆರಿಕದ ಸಂಶೋಧಕರ ಜೊತೆ ಸೇರಿ, ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿತು. 1,620 ಹೆಂಗಸರು ಸೇರಿದರು. 812 ಮಂದಿಗೆ ಮಿಸೊಪ್ರೊಸ್ಟಾಲ್ ಸಿಕ್ಕಿತು. 808 ಮಂದಿಗೆ ನೋಡಲು ಹಾಗೇ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ ಸಿಕ್ಕಿತು. ಹೆರಿಗೆಯಾದ ಕೂಡಲೇ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಹಾಳೆಯನ್ನು ಕೆಳಗೆ ಹಾಸಿ, ಎಷ್ಟು ರಕ್ತ ಹೋಯಿತೆಂದು ಅಳೆದರು. ಔಷಧಿ ಇಲ್ಲದ ಗುಂಪಿನಲ್ಲಿ 100ಕ್ಕೆ 12 ಮಂದಿಗೆ ಅಪಾಯದ ಮಟ್ಟದ ರಕ್ತಸ್ರಾವವಾಗಿತ್ತು. ಔಷಧಿ ಗುಂಪಿನಲ್ಲಿ ಅದು ಶೇಕಡಾ 6.4ಕ್ಕೆ ಇಳಿದಿತ್ತು. 2006ರಲ್ಲಿ ಇದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಔಷಧಿ ಸಿಕ್ಕವರಲ್ಲೂ 100ಕ್ಕೆ ಆರು ಜನಕ್ಕೆ ರಕ್ತಸ್ರಾವ ಆಗಿತ್ತು. ಸಿಗದವರಲ್ಲಿ 100ಕ್ಕೆ 88 ಮಂದಿಗೆ ಆಗಿರಲಿಲ್ಲ. ಅಂದರೆ ಟ್ರಯಲ್‌ಗೆ ಸೇರಿದ್ದರಿಂದ ಇವರಿಗೇ ಲಾಭವಾಯಿತು ಎಂದು ಒಬ್ಬೊಬ್ಬರನ್ನೇ ತೋರಿಸಿ ಹೇಳಲು ಆಗುವುದಿಲ್ಲ. ಆ 1,620 ತಾಯಂದಿರಿಂದ ಸಿಕ್ಕಿದ ಉತ್ತರ ಮುಂದೆ ಬರುವ ಬಾಣಂತಿಯರಿಗೆ ಉಪಯೋಗಕ್ಕೆ ಬಂತು.

ಮಾಮೂಲಿ ಚಿಕಿತ್ಸೆಯಲ್ಲಿ ಡಾಕ್ಟರು ನಿಮಗೆ ಯಾವುದು ಒಳ್ಳೆಯದು ಎಂದು ಯೋಚಿಸಿ ಔಷಧಿ ಆರಿಸುತ್ತಾರೆ. ಟ್ರಯಲ್‌ನಲ್ಲಿ ಮೊದಲೇ ಬರೆದಿಟ್ಟ ಯೋಜನೆಯ ಪ್ರಕಾರ ಔಷಧಿ ಸಿಗುತ್ತದೆ. ಆ ಯೋಜನೆಗೆ ಪ್ರೊಟೊಕಾಲ್ ಎನ್ನುತ್ತಾರೆ. ‘ದೊಡ್ಡಾಸ್ಪತ್ರೆಯವರು ನನಗಾಗಿ ಹೊಸ ಔಷಧಿ ತರಿಸಿದ್ದಾರೆ’ ಎಂದು ನಂಬಿ ಸೇರುವವರು ತುಂಬಾ. ಎಲ್ಲಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ ಇದೇ.

1. ಯಾವ ಥರದ ಸ್ಟಡಿ ಎಂದು ಮೊದಲು ಕೇಳಿ

ಮೆಡಿಕಲ್ ಕಾಲೇಜಿನಲ್ಲಿ ‘ಸ್ಟಡಿ’ ಎಂಬ ಒಂದೇ ಪದಕ್ಕೆ ಬೇರೆ ಬೇರೆ ಅರ್ಥ ಇದೆ. ಎಂಡಿ, ಎಂಎಸ್ ಓದುವ ಪಿಜಿ ಡಾಕ್ಟರುಗಳೆಲ್ಲ ಒಂದು ಥೀಸಿಸ್ ಬರೆಯಲೇಬೇಕು. ಹಾಗಾಗಿ ನಿಮ್ಮ ಹತ್ತಿರ ಬರುವ ಕಾಗದ ಬಹಳ ಸಲ ಥೀಸಿಸ್‌ನದಾಗಿರುತ್ತದೆ. ಕೆಲವು ಪ್ರಶ್ನೆ ಕೇಳುತ್ತಾರೆ, ಇಲ್ಲವೇ ಹೇಗೂ ತೆಗೆಯುವ ರಕ್ತದ ಜೊತೆ ಇನ್ನೊಂದಿಷ್ಟು ತೆಗೆಯುತ್ತಾರೆ. ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ. ಇದರಲ್ಲಿ ಅಪಾಯ ಕಡಿಮೆ. ಆದರೂ ನಿಮ್ಮ ಒಪ್ಪಿಗೆ ಬೇಕೇ ಬೇಕು.

ಚಿಕಿತ್ಸೆಯೇ ಬದಲಾಗುವುದಾದರೆ ಅದು ಟ್ರಯಲ್. ಅದರಲ್ಲೂ ಎರಡು ಥರ. ಔಷಧಿ ಕಂಪನಿ ದುಡ್ಡು ಹಾಕಿ ನಡೆಸುವುದು ಒಂದು. ಕಾಲೇಜಿನ ಡಾಕ್ಟರುಗಳೇ, ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಯನ್ನು ಹೊಸ ರೀತಿಯಲ್ಲಿ ಕೊಟ್ಟು ನೋಡುವುದು ಇನ್ನೊಂದು. ಇದನ್ನು ಅಕಾಡೆಮಿಕ್ ಟ್ರಯಲ್ ಎನ್ನುತ್ತಾರೆ. ದುಡ್ಡು ಹಾಕಿ ಹೊಣೆ ಹೊರುವವರಿಗೆ ಸ್ಪಾನ್ಸರ್ ಎಂದು ಹೆಸರು. ಸ್ಪಾನ್ಸರ್ ಯಾರು ಎಂದು ಕೇಳಲು ಸಂಕೋಚ ಬೇಡ. ಮುಂದೆ ತೊಂದರೆಯಾದರೆ ಹೊಣೆ ಹೊರಬೇಕಾದವರು ಅವರೇ.

ಹೊಸ ಔಷಧಿಯಾದರೆ ಯಾವ ಹಂತ ಎಂದೂ ಕೇಳಿ.

ಮೊದಲ ಹಂತದಲ್ಲಿ ಕೆಲವೇ ಜನರಿಗೆ, ಬಹಳ ಸಲ ಆರೋಗ್ಯವಂತರಿಗೆ, ಕೊಟ್ಟು ದೇಹ ತಡೆದುಕೊಳ್ಳುತ್ತದಾ ಎಂದು ನೋಡುತ್ತಾರೆ.

ಎರಡನೆಯದರಲ್ಲಿ ಕಾಯಿಲೆ ಇರುವವರಿಗೆ ಕೊಟ್ಟು ಡೋಸ್ ಎಷ್ಟಿರಬೇಕು, ಕೆಲಸ ಮಾಡುವ ಲಕ್ಷಣ ಇದೆಯಾ ಎಂದು ನೋಡುತ್ತಾರೆ.

ಮೂರನೆಯದು ದೊಡ್ಡದು. ನೂರಾರು, ಕೆಲವು ಸಲ ಸಾವಿರಾರು ಜನ ಇರುತ್ತಾರೆ. ಈಗಿರುವ ಚಿಕಿತ್ಸೆಯ ಜೊತೆ ಹೋಲಿಕೆ ನಡೆಯುತ್ತದೆ.

ನಾಲ್ಕನೆಯದು ಔಷಧಿ ಮಾರುಕಟ್ಟೆಗೆ ಬಂದ ಮೇಲಿನ ನಿಗಾ.

ಹಂತ ಮೊದಲಿನದಾದಷ್ಟೂ ಔಷಧಿಯ ಬಗ್ಗೆ ತಿಳಿದಿರುವುದು ಕಡಿಮೆ. ಇದನ್ನು ಗಮನದಲ್ಲಿಟ್ಟುಕೊಂಡು ಮುಂದಿನ ಹೆಜ್ಜೆ ಇಡಿ.

2. ಕಾಗದವನ್ನು ಮನೆಗೆ ತನ್ನಿ

ಆ ಹನ್ನೆರಡು ಪುಟದ ಕಾಗದದಲ್ಲಿ ಎರಡು ಭಾಗ ಇರುತ್ತದೆ. ಮೊದಲ ಭಾಗ ಮಾಹಿತಿ ಪತ್ರ. ಟ್ರಯಲ್ ಯಾಕೆ, ಎಷ್ಟು ದಿನ, ಏನೇನು ಮಾಡುತ್ತಾರೆ, ಏನು ಅಪಾಯ ಎಂಬುದೆಲ್ಲ ಅದರಲ್ಲಿರಬೇಕು. ಎರಡನೆಯದು ಒಪ್ಪಿಗೆ ಪತ್ರ. ಎಲ್ಲರೂ ಕನ್ಸೆಂಟ್ ಫಾರ್ಮ್ ಎನ್ನುವುದು ಇದಕ್ಕೇ.

ಯೋಚನೆ ಮಾಡಲು ಸಾಕಷ್ಟು ಸಮಯ ಕೊಡಬೇಕು ಎನ್ನುವುದು ನಿಯಮ. ಹೃದಯಾಘಾತ, ಪಾರ್ಶ್ವವಾಯು ಥರದ ತುರ್ತು ಟ್ರಯಲ್ ಬಿಟ್ಟರೆ, ‘ಮನೆಗೆ ಒಯ್ದು ಓದಿ ಬರ್ತೀವಿ ಡಾಕ್ಟ್ರೇ’ ಎಂದು ಧೈರ್ಯವಾಗಿ ಹೇಳಿ. ಒಪಿಡಿ ಗದ್ದಲದಲ್ಲಿ, ಟೋಕನ್ ಕೈಯಲ್ಲಿ ಹಿಡಿದುಕೊಂಡು ಓದುವ ಕಾಗದ ಇದಲ್ಲ. ಮನೆಯಲ್ಲಿ ಒಬ್ಬರು ಜೋರಾಗಿ ಓದಲಿ, ಉಳಿದವರು ಕೇಳಲಿ. ನಿಮ್ಮೂರಿನ ಡಾಕ್ಟರಿಗೂ ತೋರಿಸಬಹುದು.

ಕಾಗದ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕಷ್ಟದ ವೈದ್ಯಕೀಯ ಪದ ಇರಬಾರದು ಎಂದು ಕಾನೂನೇ ಹೇಳುತ್ತದೆ. ಇಂಗ್ಲಿಷ್ ಕಾಗದ ಕೊಟ್ಟರೆ ಕನ್ನಡದ್ದನ್ನು ಕೇಳಿ ಪಡೆಯಿರಿ. ಉರ್ದು, ತುಳು, ಮರಾಠಿ ಮಾತಾಡುವ ಮನೆಯವರಾದರೆ ಆ ಭಾಷೆ ಬಲ್ಲವರನ್ನು ಕರೆಸಿ ವಿವರಿಸುವಂತೆ ಕೇಳಿ. ಕನ್ನಡ ಕಾಗದಗಳ ಬಗ್ಗೆ ನನ್ನದೊಂದು ನೋವಿದೆ. ‘ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು’ ಎಂದು ಬರೆದ ಕಾಗದಗಳನ್ನು ನಾನೇ ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ‘ಚೀಟಿ ಎತ್ತಿದ ಹಾಗೆ ಗುಂಪು ಆರಿಸುತ್ತೇವೆ’ ಎಂದರೆ ಯಾರಿಗಾದರೂ ತಿಳಿಯುತ್ತದೆ ಅಲ್ವಾ? ಓದಿ ಅರ್ಥವಾಗದಿದ್ದರೆ ತಪ್ಪು ಕಾಗದದ್ದು. ನಿಮ್ಮ ಓದು ಕಡಿಮೆಯಾಯಿತು ಎಂದು ಅಂದುಕೊಳ್ಳಬೇಡಿ.

ಕಾಗದದಲ್ಲಿ ಸಿಗುವ ಮೂರು ಪದಗಳನ್ನು ಈಗಲೇ ತಿಳಿದುಕೊಳ್ಳೋಣ.

ರಾಂಡಮೈಸೇಶನ್: ಯಾರಿಗೆ ಯಾವ ಔಷಧಿ ಎಂದು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುವುದು. ಡಾಕ್ಟರಿಗೂ ಆಯ್ಕೆ ಇರುವುದಿಲ್ಲ. ‘ನಮ್ಮವರಿಗೆ ಅಸಲಿ ಔಷಧಿ ಬರೋ ಹಾಗೆ ನೋಡಿ’ ಎಂದು ಕೇಳಿ ಉಪಯೋಗವಿಲ್ಲ.

ಪ್ಲಸೀಬೊ: ಬೆಳಗಾವಿಯಲ್ಲಿ 808 ಮಂದಿಗೆ ಕೊಟ್ಟರಲ್ಲ, ಅಂಥ ಔಷಧಿ ಇಲ್ಲದ ಮಾತ್ರೆ. ಎಲ್ಲ ಟ್ರಯಲ್‌ಗಳಲ್ಲೂ ಇದು ಇರುವುದಿಲ್ಲ. ಬಹಳಷ್ಟರಲ್ಲಿ ಹೊಸ ಔಷಧಿಯನ್ನು ಈಗಿರುವ ಒಳ್ಳೆಯ ಔಷಧಿಯ ಜೊತೆ ಹೋಲಿಸುತ್ತಾರೆ.

ಡಬಲ್ ಬ್ಲೈಂಡ್: ಯಾವ ಮಾತ್ರೆ ಸಿಕ್ಕಿದೆ ಎಂದು ನಿಮಗೂ ಗೊತ್ತಿರುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ‘ನನಗೆ ವಾಸಿ ಅನಿಸ್ತಿದೆ’ ಎಂಬ ಮಾತೇ ಬದಲಾಗಬಹುದು, ಅದಕ್ಕೆ. ಜೀವಕ್ಕೆ ಅಪಾಯ ಬಂದರೆ ಗುಟ್ಟು ಒಡೆದು ನೋಡುವ ವ್ಯವಸ್ಥೆ ಇರುತ್ತದೆ.

3. ನೋಂದಣಿ ನಂಬರ್ ಹುಡುಕಿ ನೋಡಿ

ಹತ್ತು ನಿಮಿಷದ ಕೆಲಸ, ಫೋನಿನಲ್ಲೇ ಆಗುತ್ತದೆ. ಇದನ್ನು ಮಾಡುವವರು ಮಾತ್ರ ತೀರಾ ಕಡಿಮೆ.

ನಮ್ಮ ದೇಶದಲ್ಲಿ ಔಷಧಿ ಟ್ರಯಲ್‌ಗಳೆಲ್ಲ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ’ದಲ್ಲಿ ನೋಂದಣಿಯಾಗಬೇಕು. ಇದನ್ನು ಚಿಕ್ಕದಾಗಿ ಸಿಟಿಆರ್‌ಐ ಎನ್ನುತ್ತಾರೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇದನ್ನು 2007ರಲ್ಲಿ ಶುರು ಮಾಡಿತು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್‌ನಿಂದ, ಮೊದಲ ಪೇಷೆಂಟ್ ಸೇರುವ ಮುಂಚೆಯೇ ನೋಂದಣಿ ಆಗಿರಬೇಕು ಎಂಬ ನಿಯಮ ಬಂತು.

ಮಾಹಿತಿ ಪತ್ರದಲ್ಲಿ ಸಿಟಿಆರ್‌ಐ ಎಂದು ಶುರುವಾಗಿ ವರ್ಷ, ತಿಂಗಳು, ಆರು ಅಂಕಿ ಬರುವ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಸಿಟಿಆರ್‌ಐ ತಾಣಕ್ಕೆ ಹೋಗಿ, ‘ಟ್ರಯಲ್ ಸರ್ಚ್’ ಒತ್ತಿ, ನಂಬರ್ ಹಾಕಿ. ಅಲ್ಲಿ ಎಲ್ಲ ಇಂಗ್ಲಿಷ್‌ನಲ್ಲಿದೆ, ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ನಾಲ್ಕು ಜಾಗ ನೋಡಿದರೆ ಸಾಕು.

ಒಂದು, ನಿಮ್ಮ ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದೆಯಾ. ಎರಡು, ಆ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿದೆಯಾ. ‘ಸಬ್ಮಿಟೆಡ್’ ಎಂದಿದ್ದರೆ ಅರ್ಜಿ ಹಾಕಿದ್ದಾರೆ ಅಷ್ಟೇ, ‘ಅಪ್ರೂವ್ಡ್’ ಎಂದಿರಬೇಕು. ಮೂರು, ಹೊಸ ಔಷಧಿಯಾದರೆ ಡಿಸಿಜಿಐ, ಅಂದರೆ ಕೇಂದ್ರದ ಔಷಧ ನಿಯಂತ್ರಕರ, ಅನುಮತಿ ಸಿಕ್ಕಿದೆಯಾ. ಅಕಾಡೆಮಿಕ್ ಟ್ರಯಲ್‌ಗೆ ಎಷ್ಟೋ ಸಲ ಇದು ಬೇಕಾಗುವುದಿಲ್ಲ, ಹಾಗಾಗಿ ಆ ಜಾಗ ಖಾಲಿ ಇದ್ದರೆ ಗಾಬರಿಯಾಗದೆ ಕಾರಣ ಕೇಳಿ. ನಾಲ್ಕು, ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಇಲ್ಲ ಎಂಬ ಪಟ್ಟಿ. ‘ಕಿಡ್ನಿ ತೊಂದರೆ ಇರುವವರು ಬೇಡ’ ಎಂದು ಅಲ್ಲಿ ಬರೆದಿದ್ದು, ನಿಮ್ಮ ಅಪ್ಪನಿಗೆ ಕಿಡ್ನಿ ತೊಂದರೆ ಇದ್ದರೆ, ತಕ್ಷಣ ಡಾಕ್ಟರಿಗೆ ಹೇಳಿ.

ಎಥಿಕ್ಸ್ ಕಮಿಟಿ ಎಂದೆ. ಅದು ಆಸ್ಪತ್ರೆಯವರೇ ಕೂತು ಠಸ್ಸೆ ಒತ್ತುವ ಕಮಿಟಿ ಎಂದು ಅನುಮಾನ ಇರಬಹುದು. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕನಿಷ್ಠ ಏಳು ಸದಸ್ಯರಿರಬೇಕು. ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರು, ಕನಿಷ್ಠ ಒಬ್ಬ ಮಹಿಳೆ ಇರಲೇಬೇಕು. ಕಮಿಟಿಯ ಫೋನ್ ನಂಬರ್ ಮಾಹಿತಿ ಪತ್ರದಲ್ಲಿರುತ್ತದೆ. ಡಾಕ್ಟರನ್ನು ಕೇಳಲಾಗದ್ದನ್ನು ಅಲ್ಲಿ ಕೇಳಬಹುದು.

ಎಚ್ಚರ: ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಔಷಧಿ ಕೆಲಸ ಮಾಡುತ್ತದೆ ಎಂದು ಸರ್ಕಾರ ಖಾತ್ರಿ ಕೊಟ್ಟಂತೆ ಅಲ್ಲ. ಕೆಲಸ ಮಾಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಟ್ರಯಲ್ ಯಾಕೆ ಬೇಕಿತ್ತು?

4. ಕೇಳಲೇಬೇಕಾದ ಪ್ರಶ್ನೆ

ಸಮಯ ಇಲ್ಲ, ಒಂದೇ ಪ್ರಶ್ನೆ ಕೇಳಬಹುದು ಎಂದಾದರೆ ಇದನ್ನು ಕೇಳಿ: ‘ನಾವು ಸೇರದಿದ್ದರೆ ಯಾವ ಚಿಕಿತ್ಸೆ ಕೊಡ್ತೀರಿ?’

ಈ ಉತ್ತರ ಇಲ್ಲದೆ ಹೋಲಿಕೆ ಮಾಡಲು ಆಗುವುದೇ ಇಲ್ಲ. ಒಳ್ಳೆಯ ಚಿಕಿತ್ಸೆ ಈಗಾಗಲೇ ಇದೆ, ನಿಮ್ಮ ಆರೋಗ್ಯ ಯೋಜನೆಯ ಕಾರ್ಡ್‌ನಲ್ಲಿ ಅದು ಸಿಗುತ್ತದೆ ಎಂದಾದರೆ ಯೋಚನೆ ಒಂದು ಥರ. ಇದ್ದ ಔಷಧಿಗಳೆಲ್ಲ ಮುಗಿದಿವೆ ಎಂದಾದರೆ ಯೋಚನೆಯೇ ಬೇರೆ. ಉತ್ತರ ಹಾರಿಸಿದರೆ ಇನ್ನೊಮ್ಮೆ ಕೇಳಿ.

ಸಮಯ ಇದ್ದರೆ ಇವನ್ನೂ ಬರೆದುಕೊಂಡು ಹೋಗಿ. ಎಷ್ಟು ಸಲ ಬರಬೇಕು? ಪ್ರತಿ ಸಲ ಎಷ್ಟು ರಕ್ತ ತೆಗೀತೀರಿ? ಈಗ ತಗೊಳ್ತಿರೋ ಮಾತ್ರೆ ನಿಲ್ಲಿಸಬೇಕಾ? ಇದುವರೆಗೆ ಬೇರೆಯವರಿಗೆ ಏನೇನು ತೊಂದರೆ ಆಗಿದೆ? ಬಸ್ ಚಾರ್ಜು, ಆ ದಿನದ ಕೂಲಿ ಯಾರು ಕೊಡ್ತಾರೆ? ಉಳಿದ ರಕ್ತವನ್ನು ಎತ್ತಿಟ್ಟು ಮುಂದೆ ಬೇರೆ ಪರೀಕ್ಷೆಗೆ ಬಳಸ್ತೀರಾ?

ದುಡ್ಡಿನ ವಿಷಯ ಬಿಡಿಸಿ ಹೇಳುತ್ತೇನೆ. ಟ್ರಯಲ್‌ನ ಔಷಧಿಗೂ, ಟ್ರಯಲ್‌ಗಾಗಿಯೇ ಮಾಡುವ ಪರೀಕ್ಷೆಗೂ ನೀವು ಹಣ ಕೊಡಬಾರದು. ಪ್ರಯಾಣದ ಖರ್ಚನ್ನು ಅವರೇ ಕೊಡುವುದು ರೂಢಿ, ಎಷ್ಟು ಎಂದು ಕಾಗದದಲ್ಲೇ ಬರೆದಿರಬೇಕು. ‘ಇದು ಸ್ಟೆಮ್ ಸೆಲ್ ಟ್ರಯಲ್, ಲಕ್ಷಗಟ್ಟಲೆ ಖರ್ಚಿದೆ, ನಿಮಗೆ ಡಿಸ್ಕೌಂಟ್ ಮಾಡ್ತೀವಿ’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ದುಡ್ಡು ಕೇಳಿ ಮಾಡುವುದನ್ನು ಟ್ರಯಲ್ ಎಂದು ಕರೆಯಬೇಡಿ. ಮಕ್ಕಳ ಕಾಯಿಲೆ ಹಿಡಿದುಕೊಂಡು ಅಲೆಯುವ ಅಪ್ಪ ಅಮ್ಮಂದಿರು ಇಂಥ ಜಾಗದಲ್ಲಿ ಹೊಲ ಮನೆ ಕಳೆದುಕೊಳ್ಳುವುದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ.

5. ಸಹಿ ಮಾಡುವ ದಿನ

ಒಪ್ಪಿಗೆ ಪತ್ರದ ಮಾದರಿಯನ್ನು ನಿಯಮದಲ್ಲೇ ಕೊಟ್ಟಿದ್ದಾರೆ. ಅದರಲ್ಲಿ ಐದು ಚೌಕ ಇರುತ್ತವೆ. ಸಾಮಾನ್ಯವಾಗಿ ಜನ ಐದಕ್ಕೂ ಒಟ್ಟಿಗೆ ಗುರುತು ಹಾಕಿಬಿಡುತ್ತಾರೆ. ದಯವಿಟ್ಟು ಒಂದೊಂದನ್ನೇ ಓದಿ.

ಮೊದಲನೆಯದು: ಮಾಹಿತಿ ಪತ್ರ ಓದಿ ಅರ್ಥ ಮಾಡಿಕೊಂಡೆ, ಪ್ರಶ್ನೆ ಕೇಳಲು ಅವಕಾಶ ಸಿಕ್ಕಿತು. ಸಿಕ್ಕಿಲ್ಲದಿದ್ದರೆ ಗುರುತು ಹಾಕಬೇಡಿ.

ಎರಡನೆಯದು: ನನ್ನ ಇಷ್ಟದಿಂದ ಸೇರುತ್ತಿದ್ದೇನೆ, ಯಾವಾಗ ಬೇಕಾದರೂ, ಕಾರಣ ಹೇಳದೆ ಬಿಡಬಹುದು, ಬಿಟ್ಟರೆ ನನ್ನ ಚಿಕಿತ್ಸೆಗೂ ಹಕ್ಕಿಗೂ ಧಕ್ಕೆ ಇಲ್ಲ. ‘ಡಾಕ್ಟರು ಬೇಜಾರು ಮಾಡಿಕೊಂಡರೆ?’ ಎಂಬ ಭಯಕ್ಕೆ ಉತ್ತರ ಈ ಸಾಲಿನಲ್ಲಿದೆ. ಬೆರಳಿಟ್ಟು ಎರಡು ಸಲ ಓದಿ.

ಮೂರನೆಯದು: ಸ್ಪಾನ್ಸರ್, ಎಥಿಕ್ಸ್ ಕಮಿಟಿ ಮತ್ತು ಸರ್ಕಾರದ ಅಧಿಕಾರಿಗಳು ನನ್ನ ದಾಖಲೆ ನೋಡಬಹುದು, ಪ್ರತಿ ಸಲ ನನ್ನನ್ನು ಕೇಳಬೇಕಿಲ್ಲ. ಹೆಸರು ಮಾತ್ರ ಹೊರಗೆ ಹೋಗಬಾರದು.

ನಾಲ್ಕನೆಯದು: ಬಂದ ಫಲಿತಾಂಶವನ್ನು ವೈಜ್ಞಾನಿಕ ಕೆಲಸಕ್ಕೆ ಬಳಸಲು ಅಡ್ಡಿ ಮಾಡುವುದಿಲ್ಲ. ಐದನೆಯದು: ಸೇರಲು ಒಪ್ಪಿದ್ದೇನೆ.

ಇದೇ ಪತ್ರದಲ್ಲಿ ಓದು, ಕೆಲಸ, ವರ್ಷದ ಆದಾಯ, ನಾಮಿನಿಯ ಹೆಸರು ಕೇಳುತ್ತಾರೆ. ‘ಔಷಧಿ ಕೊಡೋಕೆ ನಾಮಿನಿ ಯಾಕೆ?’ ಎಂದು ಎಷ್ಟೋ ಜನ ಹೆದರುತ್ತಾರೆ, ಕೆಲವರು ಸುಮ್ನೆ ಖಾಲಿ ಬಿಡುತ್ತಾರೆ. ಖಾಲಿ ಬಿಡಬೇಡಿ. ಟ್ರಯಲ್‌ನಿಂದ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಹೋಗಬೇಕು ಎಂದು ತಿಳಿಯಲು ಆ ಹೆಸರು ಬೇಕು. ಆಧಾರ್‌ನಲ್ಲಿ ಇರುವ ಹಾಗೆಯೇ ಬರೆಸಿ.

ಓದಲು ಬಾರದವರು ಹೆಬ್ಬೆಟ್ಟು ಒತ್ತಬಹುದು. ಆಗ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಶುರುವಿನಿಂದ ಕೊನೆಯವರೆಗೆ ಅಲ್ಲಿರಬೇಕು, ಪೂರ್ತಿ ಓದಿ ಹೇಳಿದ್ದನ್ನು ಕೇಳಿರಬೇಕು. ಕೊನೆಗೆ ವಾರ್ಡಿನಲ್ಲಿ ಸಿಕ್ಕಿದವರನ್ನು ಕರೆದು ಸಹಿ ಹಾಕಿಸಿದರೆ ಅದು ಸಾಕ್ಷಿ ಅಲ್ಲ. 18 ತುಂಬದ ಮಕ್ಕಳಿಗೆ ಅಪ್ಪ ಅಮ್ಮ ಸಹಿ ಮಾಡುತ್ತಾರೆ, ಆದರೆ ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. 12 ದಾಟಿದರೆ ಮಗುವಿನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ಕೆಲವು ಕಡೆ ವಿಡಿಯೊ ಮಾಡುತ್ತಾರೆ. ಟ್ರಯಲ್‌ಗಳಲ್ಲಿ ಜನರಿಗೆ ಸರಿಯಾಗಿ ತಿಳಿಸುತ್ತಿಲ್ಲ ಎಂದು ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರಲ್ಲಿ ಕೋರ್ಟು ರೆಕಾರ್ಡಿಂಗ್ ಮಾಡಬೇಕೆಂದು ಹೇಳಿತು. ಈಗಿನ ನಿಯಮದಲ್ಲಿ ಹೊಚ್ಚಹೊಸ ಔಷಧಿಯ ಟ್ರಯಲ್‌ಗೆ ದುರ್ಬಲ ಸ್ಥಿತಿಯಲ್ಲಿರುವವರು ಸೇರುವಾಗ ವಿಡಿಯೊ ಕಡ್ಡಾಯ. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಿಗಳಿಗೆ ಧ್ವನಿ ಮಾತ್ರ. ಕ್ಯಾಮೆರಾ ಕಂಡು ಮುದುಡಿಕೊಳ್ಳಬೇಡಿ. ಅದು ನಿಮ್ಮ ರಕ್ಷಣೆಗೇ ಇರುವುದು. ನಿಮ್ಮ ಪ್ರಶ್ನೆಗಳನ್ನೆಲ್ಲ ಕ್ಯಾಮೆರಾ ಮುಂದೆಯೇ ಕೇಳಿ.

ಸಹಿಯಾದ ಕಾಗದದ ಒಂದು ಪ್ರತಿ ಕೈಗೆ ಬರುವವರೆಗೆ ಜಾಗ ಬಿಟ್ಟು ಏಳಬೇಡಿ. ‘ಆಮೇಲೆ ಜೆರಾಕ್ಸ್ ಮಾಡಿ ಕೊಡ್ತೀವಿ’ ಎಂದದ್ದು ಹೆಚ್ಚಿನ ಸಲ ಮರೆತೇ ಹೋಗುತ್ತದೆ.

6. ಸ್ಕ್ರೀನಿಂಗ್

ಸಹಿ ಮಾಡಿದ ಕೂಡಲೇ ಟ್ರಯಲ್‌ಗೆ ಸೇರಿದ ಹಾಗಲ್ಲ. ರಕ್ತ, ಇಸಿಜಿ, ಸ್ಕ್ಯಾನ್ ನೋಡಿ ನೀವು ಪಟ್ಟಿಗೆ ಹೊಂದುತ್ತೀರಾ ಎಂದು ತೀರ್ಮಾನಿಸುತ್ತಾರೆ. ಹೊಂದದಿದ್ದರೆ ‘ಸ್ಕ್ರೀನ್ ಫೇಲ್ಯೂರ್’ ಎಂದು ಬರೆಯುತ್ತಾರೆ. ಆ ಪದ ನೋಡಿ ನೊಂದುಕೊಳ್ಳಬೇಡಿ, ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆ.

ಇಲ್ಲಿ ಜನ ಮಾಡುವ ತಪ್ಪು ಒಂದೇ. ಎಲ್ಲಿ ಬೇಡ ಎನ್ನುತ್ತಾರೋ ಎಂದು ವಿಷಯ ಮುಚ್ಚಿಡುತ್ತಾರೆ. ಕುಡಿತ, ಹೊಗೆಸೊಪ್ಪು, ನಾಟಿ ಔಷಧಿ, ಆಯುರ್ವೇದದ ಲೇಹ್ಯ, ಸಕ್ಕರೆ ಕಾಯಿಲೆಗೆ ಕುಡಿಯುವ ಕಷಾಯ, ಬೇರೆ ಆಸ್ಪತ್ರೆಯ ಇನ್ನೊಂದು ಟ್ರಯಲ್, ಎಲ್ಲವನ್ನೂ ಹೇಳಿ. ಮುಚ್ಚಿಟ್ಟ ಕಷಾಯವೇ ಹೊಸ ಔಷಧಿಯ ಜೊತೆ ಸೇರಿ ಲಿವರ್‌ಗೆ ಏಟು ಕೊಡಬಹುದು. ಹೆಣ್ಣುಮಕ್ಕಳು ತಿಂಗಳ ಮುಟ್ಟು ತಪ್ಪಿದ್ದರೆ ಹೇಳಲೇಬೇಕು.

7. ಟ್ರಯಲ್ ನಡೆಯುವಾಗ

ಒಬ್ಬ ಕೋಆರ್ಡಿನೇಟರ್ ನಿಮಗೆ ಫೋನ್ ಮಾಡುತ್ತಿರುತ್ತಾರೆ. ಬರುವ ದಿನ, ಉಪವಾಸ ಇರಬೇಕಾ, ಎಲ್ಲ ಅವರೇ ಹೇಳುತ್ತಾರೆ. ಅವರ ನಂಬರನ್ನು ಮನೆಯ ಇಬ್ಬರ ಫೋನಿನಲ್ಲಿ ಹಾಕಿಡಿ.

ಮಾತ್ರೆ ಮುಗಿದ ಮೇಲೆ ಖಾಲಿ ಸ್ಟ್ರಿಪ್, ಉಳಿದ ಮಾತ್ರೆ ಎರಡನ್ನೂ ವಾಪಸ್ ಒಯ್ಯಿರಿ, ಅವರು ಎಣಿಸುತ್ತಾರೆ. ಮಾತ್ರೆ ಮರೆತಿದ್ದರೆ ಮರೆತೆ ಎಂದೇ ಹೇಳಿ. ಬಯ್ಯುತ್ತಾರೆಂದು ಬಚ್ಚಲಿಗೆ ಎಸೆದು ‘ತಗೊಂಡೆ’ ಎಂದರೆ ಔಷಧಿಯ ಬಗ್ಗೆ ತಪ್ಪು ಉತ್ತರ ಬರುತ್ತದೆ. ಅದೇ ಕಾಯಿಲೆ ಇರುವ ಪಕ್ಕದ ಮನೆಯವರಿಗೆ ಕೊಡುವುದಂತೂ ಬೇಡವೇ ಬೇಡ.

ಟ್ರಯಲ್‌ನಲ್ಲಿದ್ದೀರಿ ಎಂದು ಬರೆದ ಚಿಕ್ಕ ಕಾರ್ಡ್ ಕೊಟ್ಟರೆ ಪರ್ಸಿನಲ್ಲಿಡಿ, ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸಿ. ನಡುವೆ ಔಷಧಿಯ ಬಗ್ಗೆ ಹೊಸ ಅಪಾಯ ಗೊತ್ತಾದರೆ ನಿಮಗೆ ತಿಳಿಸಿ, ಹೊಸ ಕಾಗದಕ್ಕೆ ಮತ್ತೆ ಒಪ್ಪಿಗೆ ಪಡೆಯಬೇಕು. ‘ಹಳೇದೇ, ಇಲ್ಲೊಂದು ಸಹಿ ಹಾಕಿ’ ಎಂದರೆ ಏನು ಬದಲಾಗಿದೆ ಎಂದು ಕೇಳಿ.

8. ತೊಂದರೆಯಾದರೆ

ಬೆಳಗಾವಿಯ ಟ್ರಯಲ್‌ನಲ್ಲಿ ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಲ್ಲಿ ಚಳಿ, ಜ್ವರ ಜಾಸ್ತಿ ಕಾಣಿಸಿತ್ತು, ಸ್ವಲ್ಪ ಹೊತ್ತಿಗೆ ಹೋಗುತ್ತಿತ್ತು. ಜನ ಹೇಳಿದ್ದಕ್ಕೇ ಅದು ಗೊತ್ತಾಯಿತು. ನಿಮಗೂ ಏನೇ ಆದರೂ, ಔಷಧಿಯಿಂದ ಆಯಿತೋ ಇಲ್ಲವೋ ಎಂದು ನೀವೇ ತೀರ್ಮಾನ ಮಾಡದೆ, ಅದೇ ದಿನ ಫೋನ್ ಮಾಡಿ ಹೇಳಿ.

ಆಸ್ಪತ್ರೆಗೆ ಸೇರಬೇಕಾದಂಥ ದೊಡ್ಡ ತೊಂದರೆಯಾದರೆ, ಟ್ರಯಲ್ ನಡೆಸುವ ಡಾಕ್ಟರು 24 ಗಂಟೆಯೊಳಗೆ ಸ್ಪಾನ್ಸರ್, ಎಥಿಕ್ಸ್ ಕಮಿಟಿ ಮತ್ತು ಔಷಧ ನಿಯಂತ್ರಕರಿಗೆ ವರದಿ ಮಾಡಬೇಕು. ಟ್ರಯಲ್‌ಗೆ ಸಂಬಂಧ ಇಲ್ಲ ಎಂದು ಸಾಬೀತಾಗುವವರೆಗೆ ಚಿಕಿತ್ಸೆ ಉಚಿತವಾಗಿ ಸಿಗಬೇಕು. ಬಿಲ್ ಕಟ್ಟಿ ಎಂದರೆ ಕಟ್ಟುವ ಮೊದಲು ಎಥಿಕ್ಸ್ ಕಮಿಟಿಗೆ ಫೋನ್ ಮಾಡಿ.

ಹಾನಿ ಟ್ರಯಲ್‌ನಿಂದಲೇ ಆಗಿದ್ದರೆ, ಚಿಕಿತ್ಸೆಯ ಜೊತೆಗೆ ಹಣದ ಪರಿಹಾರವೂ ಇದೆ. ಔಷಧಿಯ ಅಡ್ಡಪರಿಣಾಮ, ಡಾಕ್ಟರರ ನಿರ್ಲಕ್ಷ್ಯ, ಪ್ರೊಟೊಕಾಲ್ ಮೀರಿದ್ದು, ಸಿಗಬೇಕಾದ ಚಿಕಿತ್ಸೆ ಸಿಗದೆ ಪ್ಲಸೀಬೊದಿಂದ ಆದದ್ದು, ಹೊಟ್ಟೆಯೊಳಗಿನ ಮಗುವಿಗೆ ಆದದ್ದು, ಎಲ್ಲವೂ ಇದರಲ್ಲಿ ಬರುತ್ತದೆ. ಕಾಯಿಲೆ ತನ್ನಷ್ಟಕ್ಕೆ ಹೆಚ್ಚಾದರೆ ಮಾತ್ರ ಬರುವುದಿಲ್ಲ. ಸಾವಾದರೆ ಲೆಕ್ಕಕ್ಕೆ ಒಂದು ಸೂತ್ರ ಇದೆ. ಅದರ ಮೂಲ ಮೊತ್ತ 8 ಲಕ್ಷ ರೂಪಾಯಿ. ವಯಸ್ಸು ಚಿಕ್ಕದಾದಷ್ಟೂ ಮೊತ್ತ ಏರುತ್ತದೆ, ಸೇರುವಾಗಲೇ ಕಾಯಿಲೆ ತೀವ್ರವಾಗಿದ್ದಷ್ಟೂ ಇಳಿಯುತ್ತದೆ. ಆದೇಶ ಬಂದ 30 ದಿನದಲ್ಲಿ ಸ್ಪಾನ್ಸರ್ ಹಣ ಕೊಡಬೇಕು.

ಈ ಹಕ್ಕು ಕೈಗೆ ಬರಬೇಕಾದರೆ ಕಾಗದ ಬೇಕು. ಒಪ್ಪಿಗೆ ಪತ್ರದ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ನೀವು ಫೋನ್ ಮಾಡಿದ ತಾರೀಖು, ಎಲ್ಲ ಜೋಡಿಸಿಡಿ.

9. ಬಿಡಬೇಕು ಅನಿಸಿದರೆ

ಬಿಡಬಹುದು. ಕಾರಣ ಹೇಳಬೇಕಿಲ್ಲ, ದಂಡ ಇಲ್ಲ, ಅಲ್ಲಿಯವರೆಗೆ ಕೊಟ್ಟ ಬಸ್ ಚಾರ್ಜು ವಾಪಸ್ ಕೇಳುವಂತಿಲ್ಲ. ಆದರೆ ಫೋನ್ ಎತ್ತದೆ, ಮಾತ್ರೆ ನಿಲ್ಲಿಸಿ ಕೂರುವುದು ಅಪಾಯ. ಕೆಲವು ಔಷಧಿಗಳನ್ನು ನಿಧಾನಕ್ಕೆ ಇಳಿಸಬೇಕಾಗುತ್ತದೆ. ಒಂದು ಸಲ ಹೋಗಿ, ‘ಸಾಕು ಡಾಕ್ಟ್ರೇ, ಇನ್ನು ಮಾಮೂಲಿ ಚಿಕಿತ್ಸೆ ಕೊಡಿ’ ಎಂದು ಹೇಳಿ, ಕೊನೆಯ ತಪಾಸಣೆ ಮಾಡಿಸಿಕೊಂಡು ಬನ್ನಿ. ಮುಖದ ಮೇಲೆ ಹೇಳಲು ಕಷ್ಟವಾದರೆ ಕೋಆರ್ಡಿನೇಟರ್‌ಗೆ ಹೇಳಿದರೂ ಆಯಿತು.

10. ಮುಗಿದ ಮೇಲೆ

ಮೂರು ವಿಷಯ ಕೇಳಿ ಬನ್ನಿ. ಇನ್ನು ಯಾವ ಔಷಧಿ ಮುಂದುವರಿಸಬೇಕು? ನನಗೆ ಸಿಕ್ಕಿದ್ದು ಯಾವ ಗುಂಪಿನದು, ಯಾವಾಗ ತಿಳಿಸ್ತೀರಿ? ಫಲಿತಾಂಶ ಏನು ಬಂತು? ಎರಡನೆಯದಕ್ಕೆ ಉತ್ತರ ತಿಂಗಳುಗಟ್ಟಲೆ ತಡವಾಗಬಹುದು, ಎಲ್ಲ ಊರುಗಳ ಟ್ರಯಲ್ ಮುಗಿಯಬೇಕು. ಆದರೂ ಕೇಳಿದವರಿಗೆ ಫೋನ್ ಬರುವ ಸಾಧ್ಯತೆ ಜಾಸ್ತಿ.

ಹೊಸ ಔಷಧಿ ನಿಮಗೆ ಚೆನ್ನಾಗಿ ಹಿಡಿಸಿದೆ, ಅದಕ್ಕೆ ಬದಲಿ ಚಿಕಿತ್ಸೆ ಇಲ್ಲ ಎಂದಾದರೆ, ಟ್ರಯಲ್ ಮುಗಿದ ಮೇಲೂ ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆ 2019ರ ನಿಯಮದಲ್ಲಿದೆ. ಡಾಕ್ಟರು ಶಿಫಾರಸು ಮಾಡಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. ಇದು ತಾನಾಗಿ ಸಿಗುವುದಿಲ್ಲ. ಕೊನೆಯ ಮಾತ್ರೆ ಮುಗಿಯುವ ಮೊದಲೇ ಬರವಣಿಗೆಯಲ್ಲಿ ಕೇಳಿ.

ಟ್ರಯಲ್‌ನ ಕಾಗದಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿ, ಮೇಲೆ ಸಿಟಿಆರ್‌ಐ ನಂಬರ್ ಬರೆದಿಡಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ, ಹಳೆಯ ಚೀಟಿಗಳ ಜೊತೆ ಆ ಕವರನ್ನೂ ತೆಗೆದುಕೊಂಡು ಹೋಗಿ.